ಮೂರನೇ ರಾಡಿನ ನಟ್ಟು

ಹದಿನೆಂಟು ವರ್ಷ ನನ್ನ ಲೇತ್ ಶೆಡ್ಡಿಗೂ ಮಾಸ್ಟರ್ ಬಾಫೋ ಅವರ ಗ್ಯಾರೇಜಿಗೂ ನಡುವೆ ಇದ್ದದ್ದು ಒಂದೇ ಒಂದು ತಗಡು. ಆ ಕಡೆ ಅವರು ಕೆಮ್ಮಿದರೆ ಈ ಕಡೆ ನನಗೆ ಕೇಳುತ್ತಿತ್ತು. ಅವರು ಇಂಜಿನ್ ಬಿಚ್ಚುತ್ತಿದ್ದರು, ನಾನು ಸವೆದ ಭಾಗಗಳನ್ನು ಕಡೆದು ಸರಿಮಾಡುತ್ತಿದ್ದೆ, ಅವರು ಮತ್ತೆ ಕೂಡಿಸುತ್ತಿದ್ದರು. ನಮ್ಮ ಟೆಚಿಮಾನ್ ಪಟ್ಟಣದಲ್ಲಿ ಡೀಸೆಲ್ ಇಂಜಿನ್ ಅಂದರೆ ಬಾಫೋ ಎನ್ನುವ ಕಾಲ ಅದು. ಊರು ಬಿಟ್ಟು ಬರಿಗೈಲಿ ಬಂದಿದ್ದ ನನಗೆ ಆ ಜಾಗ ಕೊಡಿಸಿದವರೂ ಅವರೇ. ಇಲ್ಲಿನವರು ನನ್ನನ್ನು ‘ಅಸಿಯೆದು ಮೇಸ್ತ್ರಿ’ ಎಂದು ಕರೆಯುವಂತಾಗಿದ್ದು ಅವರ ನೆರಳಿನಲ್ಲಿ.

ಅವರ ಗ್ಯಾರೇಜಿನಲ್ಲಿ ಎಲ್ಲ ಸಾಮಾನೂ ಇತ್ತು, ಒಂದು ಮಾತ್ರ ಇರಲಿಲ್ಲ. ನಟ್ಟು ಎಷ್ಟು ಬಿಗಿಯಾಯಿತೆಂದು ಮುಳ್ಳು ತೋರಿಸುವ ಸ್ಪ್ಯಾನರ್. ಕೇಳಿದರೆ ಬಲಗೈ ಎತ್ತಿ, “ಇದೇ ಮುಳ್ಳು. ಇದಕ್ಕೆ ಎಲ್ಲಿ ನಿಲ್ಲಿಸ್ಬೇಕು ಅಂತ ಗೊತ್ತು” ಎನ್ನುತ್ತಿದ್ದರು. ಸುಳ್ಳಲ್ಲ. ನಾನೇ ಒಮ್ಮೆ ಪಕ್ಕದ ಗ್ಯಾರೇಜಿನ ಇಸಾಕನ ಹತ್ತಿರದ ಮುಳ್ಳಿನ ಸ್ಪ್ಯಾನರ್ ತಂದು, ಅವರು ಬಿಗಿದಿದ್ದ ಹತ್ತು ನಟ್ಟುಗಳನ್ನು ಅವರಿಗೆ ಕಾಣದಂತೆ ಪರೀಕ್ಷೆ ಮಾಡಿದ್ದೆ. ಹತ್ತೂ ಸರಿಯಾಗಿದ್ದವು.

ಸಿಸ್ಟರ್ ಪೊಕುವಾ ಬಂದದ್ದು ಮಳೆ ನಿಂತ ಮೇಲೆ, ಅಕ್ಟೋಬರಿನಲ್ಲಿ. ಟೆಚಿಮಾನಿನಿಂದ ಐವತ್ತೆಂಟು ಕಿಲೋಮೀಟರ್ ಆಚೆ ಅಸುಬಿನ್ಸಾ ಎಂಬ ಹಳ್ಳಿಯಲ್ಲಿ ಅವರು ಸೂಲಗಿತ್ತಿ ನರ್ಸು. ಎರಡು ಕೋಣೆಯ ಆರೋಗ್ಯ ಕೇಂದ್ರ, ಸುತ್ತ ಏಳು ಹಳ್ಳಿ. ತೀರಿಹೋದ ಅವರ ಅಪ್ಪ ಗೆಣಸು ಸಾಗಿಸುತ್ತಿದ್ದ ಒಂದು ಪಿಕಪ್ ಇತ್ತು, ಇಪ್ಪತ್ತೇಳು ವರ್ಷದ್ದು. ಕಷ್ಟದ ಹೆರಿಗೆಯಿದ್ದರೆ ಅದರ ಹಿಂಭಾಗದಲ್ಲಿ ಹಾಸಿಗೆ ಹಾಕಿ, ಹೆಂಗಸರನ್ನು ಮಲಗಿಸಿ, ಪಟ್ಟಣದ ಆಸ್ಪತ್ರೆಗೆ ತರುತ್ತಿದ್ದರು. ಆ ದಿನ ಆ ಪಿಕಪ್ಪನ್ನು ಟೊಮೆಟೊ ಲಾರಿಯೊಂದು ಹಗ್ಗ ಕಟ್ಟಿ ಎಳೆದು ತಂದಿತ್ತು.

ಬಾಫೋ ಬಾನೆಟ್ ಎತ್ತಿ, ಆಯಿಲ್ ಕಡ್ಡಿ ಎಳೆದು ಮೂಸಿದರು. “ಸಿಸ್ಟರ್, ಈ ಮುದುಕಿಗೆ ಈಗ ಮದುವೆ ಮಾಡ್ಸು ಅಂತಿದ್ದೀರಲ್ಲ!”

“ಮದುವೆ ಬೇಡ ಮಾಸ್ಟರ್. ದಿನಾ ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋದ್ರೆ ಸಾಕು, ನಿಮ್ಮ ಹಾಗೆ. ನನಗೆ ಓಟ ಬೇಡ. ಕೀಲಿ ತಿರುಗಿಸಿದ್ರೆ ಸ್ಟಾರ್ಟ್ ಆಗ್ಬೇಕು, ದಾರೀಲಿ ನಿಲ್ಬಾರ್ದು. ಅಷ್ಟೇ.”

“ಅಷ್ಟೇ ಅಂತೆ! ಅಷ್ಟೇ ಅನ್ನೋದೇ ಕಷ್ಟದ ಕೆಲಸ. ಜೋರಾಗಿ ಓಡೋ ಇಂಜಿನ್ ಯಾವನ್ ಬೇಕಾದ್ರೂ ಮಾಡ್ಕೊಡ್ತಾನೆ.” ಅವರು ನಗುತ್ತಿದ್ದರು. ಆಮೇಲೆ ಹೇಳಿದರು, “ಆರು ವಾರ ಕೊಡಿ. ಪೂರ್ತಿ ಬಿಚ್ತೀನಿ. ಅಲ್ಲಿ ಇಲ್ಲಿ ತೇಪೆ ಹಾಕೋದಿಲ್ಲ.”

ಇಂಜಿನ್ ಇಳಿಸುವ ಮೊದಲು ಅದನ್ನು ಒಮ್ಮೆ ಓಡಿಸಿ ಕೇಳಬೇಕು ಎಂದರು. ಹೇಗೋ ಸ್ಟಾರ್ಟ್ ಮಾಡಿದೆವು. ಕರಿಹೊಗೆ ತುಂಬಿಕೊಂಡಿತು. ಅವರು ಬಗ್ಗಿ, ತಲೆ ವಾರೆ ಮಾಡಿ, ಕಣ್ಣು ಮುಚ್ಚಿ ಕೇಳುತ್ತ ನಿಂತರು. ನಾನು ಪಕ್ಕದಲ್ಲಿದ್ದೆ. ಸ್ವಲ್ಪ ಹೊತ್ತಿಗೆ ಡೀಸೆಲ್ ಹೊಗೆಯ ನಡುವೆ ಇನ್ನೊಂದು ವಾಸನೆ ಬಂತು. ನೋಡಿದರೆ ಅವರ ಎಡಗೈ ಕಾದ ಸೈಲೆನ್ಸರ್ ಪೈಪಿನ ಮೇಲಿತ್ತು. ಬೆರಳಿನ ಚರ್ಮ ಸುಟ್ಟು ಬೆಳ್ಳಗಾಗುತ್ತಿತ್ತು. ಅವರಿನ್ನೂ ಕಣ್ಣು ಮುಚ್ಚಿಕೊಂಡೇ ಇದ್ದರು.

“ಮಾಸ್ಟರ್, ಕೈ!” ಎಂದು ಎಳೆದೆ.

ಅವರು ಬೆರಳು ನೋಡಿಕೊಂಡರು. ಬೇರೆಯವರ ಕೈ ನೋಡುವ ಹಾಗೆ ನೋಡಿದರು. ಆಮೇಲೆ ನಕ್ಕು, “ಕೆಲಸ ಮಾಡಿ ಮಾಡಿ ಚರ್ಮ ದಪ್ಪ ಆಗೋಗಿದೆ ಕಣಯ್ಯಾ” ಎಂದರು.

“ನೋವಾಗ್ಲಿಲ್ವಾ?”

“ಬೆರಳ ತುದಿ ಒಂಚೂರು ಜುಮ್ ಅನ್ನತ್ತೆ, ಆರೇಳು ತಿಂಗಳಿಂದ. ವಯಸ್ಸಾಯ್ತಲ್ಲ. ಸೆರ್ವಾಗೆ ಹೇಳ್ಬೇಡ, ಮನೇಲಿ ಕೂರಿಸ್ಬಿಡ್ತಾಳೆ.”

ಸೆರ್ವಾ ಅವರ ಹೆಂಡತಿ. ನಾನು ಹೇಳಲಿಲ್ಲ. ಯಾರಿಗೂ ಹೇಳಲಿಲ್ಲ.

ಆ ಆರು ವಾರ ನಾವಿಬ್ಬರೂ ಬಹಳ ಶ್ರದ್ಧೆಯಿಂದ ಕೆಲಸ ಮಾಡಿದೆವು. ಬಾಫೋ ಇಂಜಿನ್ನಿನ ಒಂದೊಂದು ಭಾಗವನ್ನೂ ಬಿಚ್ಚಿ, ಡೀಸೆಲಿನಲ್ಲಿ ತೊಳೆದು, ಗೋಣಿಯ ಮೇಲೆ ಸಾಲಾಗಿ ಇಟ್ಟರು. ಸಿಲಿಂಡರುಗಳು ಮೊಟ್ಟೆಯ ಆಕಾರಕ್ಕೆ ಸವೆದಿದ್ದವು. ಹೊಸ ಕೊಳವೆ ಕೂರಿಸಿ ಬೋರ್ ಮಾಡಿಸಿದೆವು. ಕ್ರ್ಯಾಂಕನ್ನು ನಾನು ಎರಡು ದಿನ ಹಿಡಿದು ಗ್ರೈಂಡ್ ಮಾಡಿದೆ, ಮುಖ ಕಾಣುವಷ್ಟು ನುಣುಪಾಗಿ. ಹೊಸ ಪಿಸ್ಟನ್, ಹೊಸ ರಿಂಗು, ಹೊಸ ಬೇರಿಂಗು. ಹೆಡ್ಡಿನಲ್ಲಿ ಕೂದಲೆಳೆಯ ಬಿರುಕು ಕಂಡಾಗ, ಬೆಸುಗೆ ಹಾಕಿಸಿದರೆ ಸಾಕು ಎಂದು ನಾನಂದೆ. “ಬಸುರಿ ಹೆಂಗಸರು ಮಲಗೋ ಗಾಡಿ ಕಣಯ್ಯಾ ಇದು” ಎಂದು ಬೈದು, ಕುಮಾಸಿ ನಗರಕ್ಕೆ ಹೋಗಿ ಬೇರೆ ಹೆಡ್ಡು ತಂದರು.

ಆದರೆ ನಾನು ನೋಡುತ್ತಿದ್ದೆ. ನಟ್ಟು ಕೈಯಿಂದ ಜಾರಿ ಬೀಳುತ್ತಿತ್ತು. ಬೀಳುವ ಸದ್ದು ಕೇಳಿದ ಮೇಲೆ ಅವರು ಕೈ ನೋಡಿಕೊಳ್ಳುತ್ತಿದ್ದರು. ಬೇರಿಂಗಿನ ಅಂಚನ್ನು ಬೆರಳಿನಿಂದ ಸವರಿ ನೋಡುತ್ತಿದ್ದವರು ಈಗ ತುಟಿಗೆ ತಾಗಿಸಿ ನೋಡುತ್ತಿದ್ದರು. ಗಳಿಗೆಗೊಮ್ಮೆ ನೀರು ಕುಡಿಯುತ್ತಿದ್ದರು. ಪಿಸ್ಟನ್ನುಗಳನ್ನು ಕ್ರ್ಯಾಂಕಿಗೆ ಜೋಡಿಸುವ ರಾಡುಗಳ ನಟ್ಟು ಬಿಗಿಯುವ ದಿನ ನಾನು ಇಸಾಕನ ಮುಳ್ಳಿನ ಸ್ಪ್ಯಾನರ್ ತಂದು ಅವರ ಬೆಂಚಿನ ಮೇಲಿಟ್ಟೆ.

ಅವರು ಅದನ್ನು ನೋಡಿದರು. ನನ್ನನ್ನು ನೋಡಿದರು. “ಯಾರಿಗಿದು?”

“ಇರ್ಲಿ ಅಂತ ಮಾಸ್ಟರ್.”

“ನಲವತ್ತು ವರ್ಷ ಆಯ್ತು. ನಾನು ಕಟ್ಟಿದ ಒಂದು ಇಂಜಿನ್ನಾದ್ರೂ ಬಿಚ್ಕೊಂಡು ಬಿದ್ದಿದ್ದು ನೋಡಿದ್ದೀಯಾ?”

“ಇಲ್ಲ.”

“ಮತ್ತೆ? ಅವನಿಗೆ ವಾಪಸ್ ಕೊಟ್ಟು ಬಾ. ಬಾಫೋ ಮುಳ್ಳು ನೋಡ್ಕೊಂಡು ನಟ್ಟು ಬಿಗೀತಾನೆ ಅಂತ ನಾಳೆ ಬೀದಿಯೆಲ್ಲ ನಗತ್ತೆ.”

ನಾನು ವಾಪಸ್ ಕೊಟ್ಟು ಬಂದೆ. ಜಗಳವಾಡಬಹುದಿತ್ತು. ಸಂಜೆ ಅವರು ಮನೆಗೆ ಹೋದ ಮೇಲೆ ಹಿಂದೊಮ್ಮೆ ಮಾಡಿದಂತೆ ನಾನೇ ಪರೀಕ್ಷೆ ಮಾಡಬಹುದಿತ್ತು. ಆದರೆ ಅಷ್ಟು ಹೊತ್ತಿಗೆ ಅವರು ರಾಡುಗಳ ಕೆಳಗಿನ ಆಯಿಲ್ ಚೇಂಬರ್ ಮುಚ್ಚಿ, ಅಂಟು ಹಚ್ಚಿ ಆಗಿತ್ತು. ಅದನ್ನು ಮತ್ತೆ ಬಿಚ್ಚಿದರೆ ಗೊತ್ತಾಗಿಬಿಡುತ್ತದೆ, ಬೇಸರ ಮಾಡಿಕೊಳ್ಳುತ್ತಾರೆ ಎಂದುಕೊಂಡೆ. ಹೀಗೆ ಅಂದುಕೊಂಡು ಮನೆಗೆ ಹೋಗಿ ಊಟ ಮಾಡಿದೆ.

ಸಿಸ್ಟರ್ ಗಾಡಿ ತೆಗೆದುಕೊಂಡು ಹೋಗಲು ಬಂದ ದಿನ ಬೀದಿಯವರೆಲ್ಲ ಸೇರಿದ್ದರು. ಕೀಲಿ ತಿರುಗಿಸಿದ ತಕ್ಷಣ ಇಂಜಿನ್ ಎದ್ದಿತು. ಹೊಗೆಯಿಲ್ಲ, ನಡುಕವಿಲ್ಲ. ಸಿಸ್ಟರ್ ಸ್ಟಿಯರಿಂಗಿನ ಮೇಲೆ ಎರಡೂ ಕೈಯಿಟ್ಟು ಆ ಸದ್ದು ಕೇಳಿದರು. ಆಮೇಲೆ ಇಳಿದು ಬಂದು ಬಾಫೋ ಅವರ ಕೈ ಹಿಡಿದುಕೊಂಡು, “ಈ ಕೈಗೆ ದೇವರು ಒಳ್ಳೇದು ಮಾಡ್ಲಿ” ಎಂದರು. ಸುಟ್ಟ ಗಾಯಕ್ಕೆ ಬಟ್ಟೆ ಸುತ್ತಿತ್ತು. “ಇದೇನಾಯ್ತು?” ಎಂದು ಕೇಳಿದರು. “ಗ್ಯಾರೇಜಲ್ಲಿ ಇದೆಲ್ಲ ಇದ್ದದ್ದೇ ಸಿಸ್ಟರ್” ಎಂದು ಅವರು ಕೈ ಬಿಡಿಸಿಕೊಂಡರು.

ಐದು ವಾರ ಗಾಡಿ ಗಡಿಯಾರದಂತೆ ಓಡಿತು. ಸಂತೆಗೆ ಬಂದಾಗಲೆಲ್ಲ ಸಿಸ್ಟರ್ ಹಾರ್ನ್ ಮಾಡಿ ಕೈಬೀಸಿ ಹೋಗುತ್ತಿದ್ದರು. ನನ್ನ ಎದೆಯ ಮೇಲಿದ್ದ ಭಾರ ಇಳಿದಿತ್ತು.

ಡಿಸೆಂಬರಿನ ಕೊನೆಯ ಭಾನುವಾರ, ಉತ್ತರದ ಧೂಳು ಗಾಳಿ ಶುರುವಾಗಿತ್ತು. ಅಸುಬಿನ್ಸಾದಲ್ಲಿ ಅಫ್ರಿಯೇ ಎಂಬಾಕೆಗೆ ಬೆಳಿಗ್ಗೆ ಹೆರಿಗೆಯಾಯಿತು. ಹೆಣ್ಣು ಮಗು, ಚೆನ್ನಾಗಿತ್ತು. ಆದರೆ ತಾಯಿಗೆ ರಕ್ತ ನಿಲ್ಲಲಿಲ್ಲ. ಸಿಸ್ಟರ್ ತಮಗೆ ತಿಳಿದದ್ದೆಲ್ಲ ಮಾಡಿದರು, ಇಂಜೆಕ್ಷನ್ ಕೊಟ್ಟರು, ಹೊಟ್ಟೆ ಒತ್ತಿ ಹಿಡಿದರು. ಇನ್ನು ಆಸ್ಪತ್ರೆಗೆ ಹೋಗಿ ರಕ್ತ ಕೊಡಿಸದೆ ಆಗುವುದಿಲ್ಲ ಎಂದಾಗ ಅವಳನ್ನು ಪಿಕಪ್ಪಿನಲ್ಲಿ ಮಲಗಿಸಿದರು. ಕೈ ತೆಗೆಯುವಂತಿರಲಿಲ್ಲವಾದ್ದರಿಂದ ಸಿಸ್ಟರ್ ಹಿಂದೆಯೇ ಕೂತರು. ಗಾಡಿ ಓಡಿಸಿದ್ದು ಅಫ್ರಿಯೇಯ ಗಂಡ ಜಾಬಾ. ಗೆಣಸು ಬೆಳೆಯುವವನು, ಮೂವತ್ತರ ಆಸುಪಾಸು. ಮಗುವನ್ನು ಅಜ್ಜಿಯ ಹತ್ತಿರ ಬಿಟ್ಟರು.

ಮೂವತ್ತೊಂದು ಕಿಲೋಮೀಟರ್ ಬಂದಿದ್ದರು. ಇಂಜಿನ್ನಿನಲ್ಲಿ ಸುತ್ತಿಗೆ ಬಡಿದ ಹಾಗೆ ಸದ್ದು ಬಂತು, ಐದಾರು ಏಟು. ಆಮೇಲೆ ಒಂದು ದೊಡ್ಡ ಏಟಿಗೆ ಕಬ್ಬಿಣ ಒಡೆದು, ಆಯಿಲ್ ಎಲ್ಲ ರಸ್ತೆಗೆ ಚೆಲ್ಲಿತು.

ಭಾನುವಾರದ ಆ ಹೊತ್ತಿನಲ್ಲಿ ಎಲ್ಲರೂ ಚರ್ಚಿನಲ್ಲಿರುತ್ತಾರೆ. ಆ ರಸ್ತೆಯಲ್ಲಿ ಒಂದು ಗಾಡಿ ಬರಲಿಲ್ಲ. ಫೋನಿಗೆ ಸಿಗ್ನಲ್ ಇರಲಿಲ್ಲ. ಜಾಬಾ ಮುಂದಿನ ಹಳ್ಳಿಗೆ ಓಡಿದ. ಸಿಸ್ಟರ್ ಬಿಸಿಲಿನಲ್ಲಿ, ಆ ಹಾಸಿಗೆಯ ಮೇಲೆ ಮಂಡಿಯೂರಿ, ಒಂದು ಗಂಟೆ ಇಪ್ಪತ್ತು ನಿಮಿಷ ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡಿದ್ದರು. “ಮಗು ಯಾರ ಹಾಗಿದೆ ಸಿಸ್ಟರ್?” ಎಂದು ಅಫ್ರಿಯೇ ಎರಡು ಸಲ ಕೇಳಿದಳಂತೆ. ಎರಡನೇ ಸಲ ಉತ್ತರ ಕೇಳಿಸಿಕೊಳ್ಳಲು ಅವಳಿರಲಿಲ್ಲ. ಜಾಬಾ ಸರಕಿನ ಮೂರು ಚಕ್ರದ ಗಾಡಿ ಹಿಡಿದು ತಂದಾಗ ಸಿಸ್ಟರ್ ಇನ್ನೂ ಒತ್ತುತ್ತಲೇ ಇದ್ದರು. ಅವನೇ ಅವರ ಕೈಗಳನ್ನು ಬಿಡಿಸಬೇಕಾಯಿತು.

ಬುಧವಾರ ಪಿಕಪ್ಪನ್ನು ಎಳೆದು ತಂದರು. ಜೊತೆಗೆ ಸಿಸ್ಟರ್ ಬಂದರು, ಸೂತಕದ ಕೆಂಪು ಬಟ್ಟೆ ಉಟ್ಟು ಜಾಬಾ ಬಂದ. ಸುದ್ದಿ ನಮಗೆ ಭಾನುವಾರವೇ ತಲುಪಿತ್ತು, ಆಮೇಲೆ ಬಾಫೋ ಬೇರೆ ಕೆಲಸ ಮುಟ್ಟಿರಲಿಲ್ಲ. ಅಕ್ಕಪಕ್ಕದ ಗ್ಯಾರೇಜಿನವರೆಲ್ಲ ಸುತ್ತ ನಿಂತರು. ಇಸಾಕನೂ ನಾನೂ ಗಾಡಿಯ ಕೆಳಗೆ ತೂರಿ ಆಯಿಲ್ ಚೇಂಬರ್ ಬಿಚ್ಚಿದೆವು. ಮೂರನೇ ರಾಡು ಮುರಿದು ಇಂಜಿನ್ ಬ್ಲಾಕಿನ ಗೋಡೆಯನ್ನು ಸೀಳಿತ್ತು. ಚೇಂಬರಿನ ತಳದಲ್ಲಿ ಚೂರುಗಳ ನಡುವೆ ಆ ರಾಡಿನ ಎರಡು ಬೋಲ್ಟುಗಳು ಸಿಕ್ಕಿದವು. ಒಂದು ತುಂಡಾಗಿತ್ತು. ಇನ್ನೊಂದು ಇಡಿಯಾಗಿತ್ತು. ಅದರ ಮೇಲಿನ ತಿರುಪಿನ ಸುತ್ತು ಒಂದೂ ಕೆಟ್ಟಿರಲಿಲ್ಲ. ನಟ್ಟು ಬೇರೆ ಬಿದ್ದಿತ್ತು, ಅದೂ ಇಡಿಯಾಗಿಯೇ.

ಕೆಲಸ ಬಲ್ಲವರಿಗೆ ಅಷ್ಟು ಸಾಕು. ಬಿಗಿಯಾಗಿದ್ದ ನಟ್ಟು ಹಾಗೆ ಬಿಚ್ಚಿಕೊಂಡು ಬರುವುದಿಲ್ಲ. ಇಸಾಕ ನನ್ನ ಮುಖ ನೋಡಿದ. ನಾನು ಆ ಬೋಲ್ಟನ್ನೂ ನಟ್ಟನ್ನೂ ಮುಷ್ಟಿಯಲ್ಲಿ ಮುಚ್ಚಿಕೊಂಡು ಹೊರಗೆ ಬಂದೆ.

ಜಾಬಾ ನಮ್ಮ ಎದುರು ನಿಂತಿದ್ದ. “ನಾನು ಜೋರಾಗಿ ಓಡಿಸ್ದೆ. ಹೊಸ ಇಂಜಿನ್ನು, ನಿಧಾನ ಹೋಗ್ಬೇಕು ಅಂತ ಸಿಸ್ಟರ್ ಮೊದಲೇ ಹೇಳಿದ್ರು. ನಾನು ಕಾಲು ಎತ್ತಲೇ ಇಲ್ಲ. ನಾನೇ ಅಲ್ವಾ ಕೆಡಿಸಿದ್ದು? ಹೇಳ್ಬಿಡಿ. ಮೂರು ದಿನದಿಂದ ಅದನ್ನೇ ಕೇಳ್ಕೊಳ್ತಾ ಇದ್ದೀನಿ.”

ಆಗ ನನ್ನ ಬಾಯಿಂದ ಬಂತು, “ಹೊಸ ಇಂಜಿನ್ ಅಂದ್ರೆ ಒಂದೊಂದು ಸಲ ಜೋರು ತಡ್ಕೊಳಲ್ಲಪ್ಪ. ನಿನ್ನ ತಪ್ಪಲ್ಲ, ಅವಸರ ಇತ್ತು.”

ಹೇಳಿದ್ದು ಸಮಾಧಾನದ ದನಿಯಲ್ಲೇ. ಆದರೂ ಹೇಳಿದ್ದು ಏನೆಂದು ನನಗೆ ಗೊತ್ತಿತ್ತು. ಜಾಬಾ ತಲೆ ತಗ್ಗಿಸಿ, ಹೌದು ಎಂಬಂತೆ ಆಡಿಸಿದ.

“ಅಸಿಯೆದು, ಕೈಲಿರೋದು ಕೊಡು,” ಎಂದರು ಬಾಫೋ.

ಕೊಟ್ಟೆ. ಅವರು ಬೋಲ್ಟನ್ನು ಬೆರಳುಗಳ ನಡುವೆ ತಿರುಗಿಸಿದರು. ಬೆರಳಿಗೆ ಏನೂ ತಿಳಿಯಲಿಲ್ಲವೆಂದು ಕಾಣುತ್ತದೆ. ಅದನ್ನು ಅಂಗಿಯಲ್ಲಿ ಒರೆಸಿ ತುಟಿಗೆ ಒತ್ತಿಕೊಂಡು, ತುದಿಯಿಂದ ಬುಡದವರೆಗೆ ಮೆಲ್ಲಗೆ ಎಳೆದರು. ನಟ್ಟಿನ ಒಳಸುತ್ತನ್ನು ನಾಲಿಗೆಯ ತುದಿಯಿಂದ ನೋಡಿದರು. ಅಷ್ಟು ಜನರ ಮುಂದೆ, ನಿಧಾನವಾಗಿ. ಆಮೇಲೆ ಎರಡನ್ನೂ ಬೆಂಚಿನ ಮೇಲಿಟ್ಟರು.

“ಮಗಾ, ನೀನು ಎಷ್ಟು ಜೋರಾಗಿ ಓಡಿಸಿದ್ರೂ ಇದು ಬಿಚ್ಕೊಳ್ಬಾರ್ದಿತ್ತು,” ಎಂದರು ಜಾಬಾನಿಗೆ. “ನಾನು ಬಿಗೀಲಿಲ್ಲ. ಬಿಗಿದೆ ಅಂತ ಅಂದ್ಕೊಂಡೆ. ನನ್ನ ಕೈ ಸತ್ತು ವರ್ಷ ಆಗ್ತಾ ಬಂತು. ಯಾರಿಗೂ ಹೇಳ್ಲಿಲ್ಲ.”

ಜಾಬಾ ಬೆಂಚಿನ ಮೇಲಿನ ನಟ್ಟನ್ನೊಮ್ಮೆ, ಅವರನ್ನೊಮ್ಮೆ ನೋಡಿದ. “ಗೊತ್ತಿತ್ತಾ ನಿಮಗೆ? ಕಟ್ಟೋವಾಗ?”

“ಕೈ ಸರಿಯಿಲ್ಲ ಅಂತ ಗೊತ್ತಿತ್ತು.”

ಹೊಡೆಯುತ್ತಾನೆ ಎಂದುಕೊಂಡೆ. ಬಾಫೋ ಅವರೂ ಅದನ್ನೇ ಕಾಯುತ್ತಿದ್ದಂತೆ ಕೈ ಇಳಿಬಿಟ್ಟು ನಿಂತಿದ್ದರು. ಜಾಬಾ ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಕೆಂಪು ಬಟ್ಟೆಯ ಸೆರಗೆಲ್ಲ ಆಯಿಲ್ ಆಯಿತು.

ಕೂಗಿದ್ದು ಸಿಸ್ಟರ್. ಅಲ್ಲಿಯವರೆಗೆ ಗಾಡಿಯ ಪಕ್ಕ ನಿಂತಿದ್ದವರು ಬಾಫೋ ಅವರ ಎರಡೂ ಮುಂಗೈ ಹಿಡಿದು ಅಲುಗಾಡಿಸಿದರು. “ನಾನು ನರ್ಸು ಮಾಸ್ಟರ್! ಈ ಬೆಂಚಿನ ಮೇಲೆ ಎಷ್ಟು ಸಲ ಕೂತಿದ್ದೆ ನಾನು! ಬೆರಳು ಜುಮ್ ಅನ್ನತ್ತೆ ಅಂತ ಒಂದು ಮಾತು ಹೇಳಿದ್ರೆ ಎರಡು ನಿಮಿಷದಲ್ಲಿ ಸಕ್ಕರೆ ಕಾಯಿಲೆ ಇದೆಯಾ ಅಂತ ನೋಡ್ತಿದ್ನಲ್ಲ! ಆ ಯಂತ್ರ ನನ್ನ ಚೀಲದಲ್ಲೇ ಇತ್ತು. ಸುಟ್ಟ ಗಾಯ ನೋಡ್ದೆ. ನೋಡಿ ಏನಾಯ್ತು ಅಂತ ಕೇಳ್ದೆ. ನಾನಾದ್ರೂ ಯಾಕೆ ಅಷ್ಟಕ್ಕೇ ಬಿಟ್ಟೆ?”

ಆಮೇಲೆ ನನ್ನ ಕಡೆ ತಿರುಗಿದರು. “ನೀನು ಪಕ್ಕದಲ್ಲೇ ಇರ್ತೀಯಲ್ಲ. ನಿನಗೂ ಗೊತ್ತಾಗ್ಲಿಲ್ವಾ?”

ನಾನು ಇಲ್ಲವೆಂದು ತಲೆಯಾಡಿಸಿದೆ.

ಬಾಫೋ ನನ್ನನ್ನು ನೋಡಿದರು. ಅವರು ಹೇಳಬಹುದಿತ್ತು, ಹೇಳಿದ್ದರೆ ಚೆನ್ನಾಗಿತ್ತು. ತಮ್ಮ ತಪ್ಪಿನ ಜೊತೆ ನನ್ನದನ್ನೂ ಹೊತ್ತುಕೊಂಡು ಅವರು ಬೆಂಚಿನ ಸಾಮಾನುಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ಹಾಕತೊಡಗಿದರು. ಆ ದಿನವೇ ಗ್ಯಾರೇಜಿನ ಬಾಗಿಲು ಹಾಕಿದರು.

ನಮ್ಮ ಫಿಟ್ಟರುಗಳ ಸಂಘದ ಹಿರಿಯರು ರೂಢಿಯಂತೆ ಮದ್ಯದ ಬಾಟಲಿಯೊಂದಿಗೆ ಕ್ಷಮೆ ಕೇಳಲು ಅಸುಬಿನ್ಸಾಕ್ಕೆ ಹೋದಾಗ ನಾನೂ ಹೋದೆ. ಬಾಫೋ ಮುಂದೆ ಕೂತು ತಲೆ ತಗ್ಗಿಸಿದ್ದರು. ಮನೆಯ ಹಿರಿಯರು ಬಾಟಲಿ ತೆಗೆದುಕೊಂಡರು. ಜಾಬಾ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಡಬ್ಬಿಯ ಹಾಲನ್ನು ಚಮಚದಲ್ಲಿ ಕುಡಿಸುತ್ತಿದ್ದ. ಅರ್ಧ ಅದರ ಕುತ್ತಿಗೆಗೆ ಹರಿಯುತ್ತಿತ್ತು.

“ನೀವು ನಿಜ ಹೇಳಿದ್ರಿ ಮಾಸ್ಟರ್. ಇಲ್ದಿದ್ರೆ ನಾನೇ ಕೊಂದೆ ಅಂತ ಬದುಕ್ಬೇಕಾಗ್ತಿತ್ತು. ಅದಕ್ಕೆ ನಿಮ್ಮನ್ನ ಬಯ್ಯಲ್ಲ,” ಎಂದ. “ಆದ್ರೆ ಇನ್ನೊಂದ್ಸಲ ಇಲ್ಲಿಗೆ ಬರ್ಬೇಡಿ. ನಿಮ್ಮನ್ನ ನೋಡೋಕೆ ನನ್ನ ಕೈಲಾಗಲ್ಲ.”

ಬೇರೆ ಬ್ಲಾಕು ಸಿಕ್ಕಲು ನಾಲ್ಕು ತಿಂಗಳಾಯಿತು. ಆ ನಾಲ್ಕು ತಿಂಗಳು ಅಸುಬಿನ್ಸಾದ ಕಡೆ ಗಾಡಿಯಿರಲಿಲ್ಲ. ಮಾರ್ಚಿನಲ್ಲಿ ಮೂರು ಚಕ್ರದ ಸರಕು ಗಾಡಿಯಲ್ಲಿ ಹೊರಟ ಇನ್ನೊಬ್ಬಳ ಮಗು ದಾರಿಯಲ್ಲೇ ಹೋಯಿತು. ಅದನ್ನು ಬಾಫೋ ಅವರಿಗೆ ಯಾರೂ ಹೇಳಲಿಲ್ಲ. ಅವರು ಹೇಗೋ ಕೇಳಿಸಿಕೊಂಡಿದ್ದರು.

ಇಸಾಕನೂ ನಾನೂ ಸೇರಿ ಇಂಜಿನ್ ಕಟ್ಟಿದೆವು. ಪ್ರತಿ ನಟ್ಟನ್ನೂ ಮುಳ್ಳು ನೋಡಿ ಬಿಗಿದೆವು. ಸಿಸ್ಟರ್ ಪಕ್ಕದಲ್ಲಿ ಕೂತು, ಬಿಗಿದ ನಟ್ಟಿಗೆಲ್ಲ ಉಗುರುಬಣ್ಣದಿಂದ ಒಂದೊಂದು ಗೆರೆ ಎಳೆದರು, ಬಿಟ್ಟುಹೋಗಬಾರದೆಂದು. ಇಂಜಿನ್ ಈಗ ಮೂರು ವರ್ಷದಿಂದ ಓಡುತ್ತಿದೆ. ಒಂದು ದಿನವೂ ನಿಂತಿಲ್ಲ. ಜನ ನನ್ನನ್ನು ಹೊಗಳುತ್ತಾರೆ. ಅದರಲ್ಲಿ ನಾನು ಹೊಸದಾಗಿ ಮಾಡಿದ್ದು ಏನೂ ಇಲ್ಲ. ಬಾಫೋ ಇಟ್ಟ ಹೆಡ್ಡು, ಅವರು ಆರಿಸಿದ ಭಾಗಗಳು, ಅವರದೇ ಕ್ರಮ. ರಾಡುಗಳ ಆ ಎಂಟು ನಟ್ಟುಗಳನ್ನು ಮುಳ್ಳು ನೋಡಿ ಬಿಗಿದದ್ದಷ್ಟೇ ವ್ಯತ್ಯಾಸ. ಹತ್ತು ನಿಮಿಷದ ಕೆಲಸ.

ಬಾಫೋ ಅವರಿಗೆ ಸಕ್ಕರೆ ಬಹಳ ಏರಿತ್ತು. ಮಾತ್ರೆ, ಆಮೇಲೆ ಇಂಜೆಕ್ಷನ್. ಬೆರಳುಗಳಿಗೆ ಜೀವ ಬರಲಿಲ್ಲ. ಸೆರ್ವಾ ಮಾರ್ಕೆಟ್ಟಿನಲ್ಲಿ ಕೆಂಕೆ ಎಂಬ ಮೆಕ್ಕೆಜೋಳದ ಕಡುಬು ಮಾರಿ ಮನೆ ನಡೆಸಿದಳು. ಅವರು ಜಗಲಿಯ ಮೇಲೆ ಕೂತಿರುತ್ತಿದ್ದರು, ಯಾರು ಬಂದರೂ ಬೇಗ ಮಾತು ಮುಗಿಸುತ್ತಿದ್ದರು. ಹೋದ ವರ್ಷ ಕಾಲಿನ ಅಡಿಯಲ್ಲಿ ಮೊಳೆ ಚುಚ್ಚಿದ್ದು ಅವರಿಗೆ ತಿಳಿಯಲಿಲ್ಲ. ಸೆರ್ವಾಳನ್ನೂ ಅವರನ್ನೂ ಸಿಸ್ಟರ್ ಅಸುಬಿನ್ಸಾಕ್ಕೆ ಕರೆಸಿಕೊಂಡು ತಿಂಗಳಿಡೀ ಗಾಯ ಕಟ್ಟಿದರು. ಜಾಬಾನ ಮನೆಯ ಕಡೆ ಹೋಗಬಾರದೆಂದು ಬಾಫೋ ಆರೋಗ್ಯ ಕೇಂದ್ರದ ಬಾಗಿಲು ದಾಟಲಿಲ್ಲ. ಗಾಯ ಮಾಗಲಿಲ್ಲ, ಕಪ್ಪಾಯಿತು. ಮೊಣಕಾಲಿನ ಕೆಳಗೆ ಕತ್ತರಿಸಬೇಕಾಗುತ್ತದೆ ಎಂದರು ಸಿಸ್ಟರ್.

ಆಸ್ಪತ್ರೆಗೆ ಕರೆದುಕೊಂಡು ಹೋಗಲು ಇದ್ದದ್ದು ಆ ಪಿಕಪ್ಪೇ. ಸಿಸ್ಟರ್ ಓಡಿಸಿದರು, ಸೆರ್ವಾ ಅವರ ಪಕ್ಕ ಕೂತಳು. ಬಾಫೋ ಅವರನ್ನು ಹಿಂದೆ ಹಾಸಿಗೆಯ ಮೇಲೆ ಮಲಗಿಸಿ, ಸುದ್ದಿ ಕೇಳಿ ಬಂದಿದ್ದ ನಾನು ಜೊತೆಗೆ ಕೂತೆ. ಅವರು ಗಾಡಿಯ ತಗಡಿಗೆ ಕಿವಿ ಇಟ್ಟುಕೊಂಡಿದ್ದರು. ಇಂಜಿನ್ ಒಂದೇ ಸಮನೆ ಓಡುತ್ತಿತ್ತು.

ಅರ್ಧ ದಾರಿ ದಾಟಿದ ಮೇಲೆ ತಲೆ ಎತ್ತಿ, “ಅಸಿಯೆದು, ಅವತ್ತು ಗಾಡಿ ನಿಂತಿದ್ದು ಇದೇ ಜಾಗ ಅಲ್ವಾ?” ಎಂದರು. ಹೌದು ಎಂದೆ. “ಒಂದು ಗಳಿಗೆ ನಿಲ್ಲಿಸೋಕೆ ಹೇಳು.”

ಹಿಂದಿನ ಗಾಜು ತಟ್ಟಿ ಹೇಳಿದೆ. ಸಿಸ್ಟರ್ ಕಿಟಕಿಯಿಂದ ತಲೆ ಹೊರಗೆ ಹಾಕಿ, ತಿರುಗಿ ನೋಡದೆ ಕೂಗಿದರು. “ಇಲ್ಲಿ ನಿಲ್ಸಲ್ಲ ಮಾಸ್ಟರ್. ಯಾರಿಗೂ ನಿಲ್ಸಲ್ಲ.”

ಗಾಡಿಯ ವೇಗ ಸ್ವಲ್ಪ ಹೆಚ್ಚಾಯಿತು. ಬಾಫೋ ಮತ್ತೆ ಮಲಗಿದರು. ನಾನು ಅವರ ಕೈ ಹಿಡಿದುಕೊಂಡೆ. ಹಿಡಿದದ್ದು ಅವರಿಗೆ ತಿಳಿಯಲಿಲ್ಲ. ಅವರು ಕಣ್ಣು ತೆರೆದುಕೊಂಡೇ, ಹಿಂದೆ ಹಿಂದೆ ಹೋಗುವ ಧೂಳನ್ನು ನೋಡುತ್ತಿದ್ದರು. ಆಸ್ಪತ್ರೆ ಇನ್ನೂ ಇಪ್ಪತ್ತೇಳು ಕಿಲೋಮೀಟರ್ ಇತ್ತು.